ಮನೆಯ ಹೆಸರು, ರಕ್ತದ ಹೆಸರು: ಬಾಸ್ಕ್ ನಾಡಿನಲ್ಲಿ ‘ನಮ್ಮವರು’ ಯಾರು?

1882ರ ವಸಂತದಲ್ಲಿ ಯುರೋಪಿನ ಎರಡು ಊರುಗಳಲ್ಲಿ ನಡೆದ ಎರಡು ಮಾತುಗಳಿಂದ ಶುರು ಮಾಡುತ್ತೇನೆ. ಒಂದನ್ನು ಆಡಿದವರಿಗೆ ಇನ್ನೊಂದರ ಸುಳಿವೇ ಇರಲಿಲ್ಲ.

ಮೊದಲನೆಯದು ಪ್ಯಾರಿಸ್ಸಿನಲ್ಲಿ, ಮಾರ್ಚ್ 11ರಂದು. ಸೋರ್ಬೋನ್‌ ವಿಶ್ವವಿದ್ಯಾಲಯದಲ್ಲಿ ಫ್ರೆಂಚ್ ಚಿಂತಕ ಅರ್ನೆಸ್ಟ್ ರೆನಾನ್ ಒಂದು ಉಪನ್ಯಾಸ ಕೊಟ್ಟರು. ರಾಷ್ಟ್ರ ಅಂದರೇನು ಅನ್ನುವುದೇ ವಿಷಯ. ಕುಲದಿಂದ ರಾಷ್ಟ್ರ ಆಗುವುದಿಲ್ಲ, ಭಾಷೆಯೊಂದರಿಂದಲೇ ಆಗುವುದಿಲ್ಲ, ಧರ್ಮದಿಂದ ಆಗುವುದಿಲ್ಲ, ಬೆಟ್ಟ ನದಿಗಳು ಗೆರೆ ಹಾಕಿಕೊಡುವುದಿಲ್ಲ ಅಂತ ಒಂದೊಂದನ್ನೇ ತೆಗೆದುಹಾಕುತ್ತಾ ಹೋದರು. ಕೊನೆಗೆ ಅವರು ಉಳಿಸಿಕೊಂಡದ್ದು ಎರಡನ್ನು. ಒಟ್ಟಿಗೆ ಬಾಳಿದ ನೆನಪು, ಮತ್ತು ಇನ್ನು ಮುಂದೆಯೂ ಒಟ್ಟಿಗೆ ಬಾಳಬೇಕು ಅನ್ನುವ ಇಷ್ಟ. ರಾಷ್ಟ್ರ ಅಂದರೆ ದಿನದಿನವೂ ನಡೆಯುವ ಜನಮತ ಅನ್ನುವ ಅವರ ಮಾತು ಆವತ್ತಿನದೇ.

ಎರಡನೆಯದು ಇದಾದ ತಿಂಗಳೊಳಗೆ. ಸ್ಪೇನ್ ದೇಶದ ಬಿಲ್ಬಾವೊ ಪಟ್ಟಣದ ಮಗ್ಗುಲಲ್ಲಿ ಅಬಾಂದೋ ಅಂತ ಒಂದು ಊರು. ಈಗ ಅದು ಬಿಲ್ಬಾವೊದೊಳಗೇ ಸೇರಿಹೋಗಿದೆ. ಅಲ್ಲಿ ಹಡಗು ಕಟ್ಟಿಸುವ ಸಾಹುಕಾರರೊಬ್ಬರ ಮನೆ. ಈಸ್ಟರ್ ಭಾನುವಾರ ಆ ಮನೆಯ ತೋಟದಲ್ಲಿ ಅಣ್ಣ ತಮ್ಮ ವಾದಕ್ಕೆ ಬಿದ್ದರು. ಅಣ್ಣ ಲೂಯಿಸ್, ತಮ್ಮ ಸಬಿನೊ. ತಮ್ಮನಿಗೆ ಆಗ 17 ವರ್ಷ. ನಾವು ಸ್ಪೇನಿನವರಲ್ಲ, ನಮ್ಮದೇ ನಾಡು ಬೇರೆ ಇದೆ ಅಂತ ಅಣ್ಣ ವಾದಿಸಿದ, ತಮ್ಮನ ಮನಸ್ಸು ತಿರುಗಿತು. ಇದನ್ನು ಮುಂದೆ ಸಬಿನೊ ಅರಾನಾನೇ ಹೇಳಿಕೊಂಡ. ಇವತ್ತಿಗೂ ಬಾಸ್ಕ್ ರಾಷ್ಟ್ರೀಯವಾದಿಗಳು ನಾಡಹಬ್ಬ ಆಚರಿಸುವುದು ಈಸ್ಟರ್ ಭಾನುವಾರವೇ.

ರೆನಾನ್ ಬೇಡ ಅಂತ ತೆಗೆದುಹಾಕಿದ್ದನ್ನೇ ಅರಾನಾ ಕೈಗೆತ್ತಿಕೊಂಡ. ಕುಲ, ರಕ್ತ. ನಾನು ಇವತ್ತು ಹೇಳಬೇಕೆಂದಿರುವುದು ಈ ರಕ್ತದ ಮಾತು ಮುಂದಿನ ನೂರು ವರ್ಷದಲ್ಲಿ ಏನೇನಾಯಿತು ಅನ್ನುವುದನ್ನು. ತರಗತಿಯಲ್ಲಿ ನಾವು ರಾಷ್ಟ್ರೀಯತೆಯ ಸಿದ್ಧಾಂತಗಳನ್ನು ಒಬ್ಬೊಬ್ಬ ವಿದ್ವಾಂಸರಿಗೆ ಒಂದೊಂದು ದಿನ ಅಂತ ಪಾಠ ಮಾಡುತ್ತೇವೆ. ಗೆಲ್ನರ್ ಒಂದು ದಿನ, ಆಂಡರ್ಸನ್ ಒಂದು ದಿನ. ಮಕ್ಕಳು ಬರೆದುಕೊಳ್ಳುತ್ತಾರೆ, ಪರೀಕ್ಷೆ ಆದ ಮೇಲೆ ಮರೆಯುತ್ತಾರೆ. ಒಂದು ನಾಡಿನ ಕಥೆಯ ಜೊತೆ ಇಟ್ಟು ನೋಡಿದರೆ ಆ ಸಿದ್ಧಾಂತಗಳು ಎಲ್ಲಿ ನಿಲ್ಲುತ್ತವೆ, ಎಲ್ಲಿ ಜಾರುತ್ತವೆ ಅಂತ ಗೊತ್ತಾಗುತ್ತದೆ.

ಮೊದಲು ನಾಡನ್ನು ನೋಡೋಣ. ಸ್ಪೇನ್ ಮತ್ತು ಫ್ರಾನ್ಸ್ ನಡುವೆ ಪಿರಿನೀಸ್ ಬೆಟ್ಟಸಾಲಿದೆ ಅಲ್ವಾ? ಅದರ ಪಶ್ಚಿಮದ ತುದಿ, ಸಮುದ್ರಕ್ಕೆ ತಾಗುವ ಕಡೆ, ಬಾಸ್ಕ್ ಜನರ ನಾಡು. ಹಳೆಯ ಲೆಕ್ಕದಲ್ಲಿ ಏಳು ಪ್ರಾಂತ್ಯಗಳು. ಮೂರು ಫ್ರಾನ್ಸಿನಲ್ಲಿ, ನಾಲ್ಕು ಸ್ಪೇನಿನಲ್ಲಿ. ಸ್ಪೇನಿನ ನಾಲ್ಕು ಅಂದರೆ ಬಿಸ್ಕಾಯಾ, ಗಿಪುಸ್ಕೋವಾ, ಅರಾಬಾ, ನವಾರ್ರಾ. ಇವರ ಭಾಷೆ ಎವುಸ್ಕಾರಾ. ಅದಕ್ಕೆ ಜಗತ್ತಿನಲ್ಲಿ ನೆಂಟರೇ ಇಲ್ಲ. ಸುತ್ತಮುತ್ತ ಇರುವುದೆಲ್ಲ ಲ್ಯಾಟಿನ್ನಿನ ಮಕ್ಕಳು. ಇದೊಂದು ಮಾತ್ರ ಯಾವ ಭಾಷಾ ಕುಟುಂಬಕ್ಕೂ ಸೇರದೆ ಉಳಿದುಕೊಂಡಿದೆ.

ಆ ಭಾಷೆಯಲ್ಲಿ ಬಾಸ್ಕ್ ಮನುಷ್ಯನಿಗೆ ಇರುವ ಹಳೆಯ ಹೆಸರು ‘ಎವುಸ್ಕಾಲ್ದುನ್’. ಕೊನೆಯ ‘ದುನ್’ ಇದೆಯಲ್ಲ, ಅದು ನಮ್ಮ ‘ಉಳ್ಳ’ ಇದ್ದ ಹಾಗೆ. ಹಣವುಳ್ಳವನು, ಗುಣವುಳ್ಳವನು ಅನ್ನುತ್ತೇವಲ್ಲ. ಹಾಗೆ ಎವುಸ್ಕಾರಾ ಉಳ್ಳವನು ಎವುಸ್ಕಾಲ್ದುನ್. ಆ ಪದದಲ್ಲಿ ರಕ್ತದ ಮಾತಿಲ್ಲ, ಊರಿನ ಮಾತೂ ಇಲ್ಲ. ನಾಲಗೆಯ ಮೇಲೆ ಭಾಷೆ ಇದ್ದರೆ ಸಾಕು. ಈ ಪದವನ್ನು ನೆನಪಿಟ್ಟುಕೊಳ್ಳಿ, ಮತ್ತೆ ಬೇಕಾಗುತ್ತದೆ.

ಈಗ ಅರಾನಾನ ಕಾಲಕ್ಕೆ ಬರೋಣ. ಅವನು ಹುಟ್ಟಿದ್ದು 1865ರಲ್ಲಿ. ಅವನ ಬಾಲ್ಯದಲ್ಲಿ ಎರಡು ದೊಡ್ಡ ಏಟುಗಳು ಒಟ್ಟಿಗೆ ಬಿದ್ದವು. ಮೊದಲನೆಯದು 1876ರಲ್ಲಿ. ಬಾಸ್ಕ್ ಪ್ರಾಂತ್ಯಗಳಿಗೆ ಶತಮಾನಗಳಿಂದ ‘ಫುವೆರೊ’ ಅನ್ನುವ ಹಕ್ಕುಗಳಿದ್ದವು. ತೆರಿಗೆಯನ್ನು ತಾವೇ ಎತ್ತಬಹುದು, ರಾಜನ ಸೈನ್ಯಕ್ಕೆ ಮಕ್ಕಳನ್ನು ಕಡ್ಡಾಯವಾಗಿ ಕಳಿಸಬೇಕಾಗಿಲ್ಲ, ಹೀಗೆ. ಸ್ಪೇನಿನ ರಾಜ ಗೆರ್ನಿಕಾ ಊರಿನ ಓಕ್ ಮರದ ಕೆಳಗೆ ಈ ಹಕ್ಕುಗಳನ್ನು ಕಾಪಾಡುತ್ತೇನೆ ಅಂತ ಆಣೆ ಮಾಡುತ್ತಿದ್ದ. ಆಗ ಸ್ಪೇನಿನ ಸಿಂಹಾಸನ ಯಾರಿಗೆ ಅನ್ನುವ ಯುದ್ಧ ನಡೆದಿತ್ತು, ಅದು ಕಾರ್ಲೋಸ್ ವಂಶಕ್ಕೇ ಸೇರಬೇಕು ಅಂದವರು ಕಾರ್ಲಿಸ್ಟರು. ಆ ಕಾರ್ಲಿಸ್ಟ್ ಯುದ್ಧದಲ್ಲಿ ಈ ಪ್ರಾಂತ್ಯಗಳ ಬಹುಪಾಲು ಹಳ್ಳಿಗಳು ಸೋತ ಕಡೆಯಲ್ಲಿದ್ದವು. ಯುದ್ಧ ಮುಗಿದ ಕೂಡಲೇ ಫುವೆರೊ ಹಕ್ಕುಗಳು ಹೋದವು. ಅರಾನಾನ ತಂದೆ ಕಾರ್ಲಿಸ್ಟ್. ಆ ಯುದ್ಧದ ದಿನಗಳಲ್ಲಿ ಮನೆಯವರು ಫ್ರಾನ್ಸಿಗೆ ಹೋಗಿ ತಲೆಮರೆಸಿಕೊಂಡಿದ್ದರು.

ಎರಡನೆಯ ಏಟು ಕಬ್ಬಿಣದ್ದು. ಬಿಲ್ಬಾವೊ ಸುತ್ತಲಿನ ಗುಡ್ಡಗಳಲ್ಲಿ ರಂಜಕ ಕಡಿಮೆ ಇರುವ ಕಬ್ಬಿಣದ ಅದಿರು ಇತ್ತು. ಬೆಸೆಮರ್ ವಿಧಾನದಲ್ಲಿ ಉಕ್ಕು ಮಾಡುವುದಕ್ಕೆ ಅಂಥ ಅದಿರೇ ಬೇಕು. ಬ್ರಿಟನ್ನಿನ ಹಡಗುಗಳು ಸಾಲುಗಟ್ಟಿದವು. ಗಣಿಗಳು, ಕುಲುಮೆಗಳು, ಬ್ಯಾಂಕುಗಳು ಎದ್ದವು. ಕೆಲಸ ಹುಡುಕಿಕೊಂಡು ಸ್ಪೇನಿನ ಬೇರೆ ಕಡೆಗಳಿಂದ ಬಡವರು ಸಾವಿರ ಸಾವಿರ ಬಂದರು. ಒಂದೇ ತಲೆಮಾರಿನಲ್ಲಿ ಪಟ್ಟಣದ ಮುಖವೇ ಬದಲಾಯಿತು. ಬಂದವರಿಗೆ ಇಟ್ಟ ಹೆಸರು ‘ಮಕೇತೋ’. ಅದೊಂದು ಬೈಗುಳ.

ಅರಾನಾನಿಗೆ ಈ ಬಂದವರ ಮೇಲೆ ಇದ್ದ ಸಿಟ್ಟು ಓದಿದರೆ ಇವತ್ತಿಗೂ ಮೈ ಬಿಸಿಯಾಗುತ್ತದೆ. ಗಣಿಯಲ್ಲಿ ಬೆನ್ನು ಮುರಿದು ದುಡಿಯುವವರನ್ನು ಅವನು ರೋಗದ ಹಾಗೆ ಕಂಡ. ಇದನ್ನು ಮುಚ್ಚಿಟ್ಟು ಅವನ ಬಗ್ಗೆ ಮಾತಾಡಬಾರದು ಅನ್ನುವುದು ನನ್ನ ಅಭಿಪ್ರಾಯ. 1894ರಲ್ಲಿ ಅವನು ಕಟ್ಟಿದ ಮೊದಲ ಸಂಘದಲ್ಲಿ ಪೂರ್ತಿ ಸದಸ್ಯತ್ವ ಬೇಕಾದರೆ ಅಜ್ಜ ಅಜ್ಜಿ ನಾಲ್ವರ ಮನೆತನದ ಹೆಸರೂ ಬಾಸ್ಕ್ ಆಗಿರಬೇಕಿತ್ತು. 1895ರ ಜುಲೈ 31ರಂದು ಬಾಸ್ಕ್ ನ್ಯಾಷನಲಿಸ್ಟ್ ಪಾರ್ಟಿ ಹುಟ್ಟಿದ್ದೂ ಈ ನೆಲೆಯ ಮೇಲೆಯೇ.

ಇಲ್ಲಿ ಒಂದು ಸಣ್ಣ ಸುತ್ತು ಹೋಗಿ ಬರುತ್ತೇನೆ. ಈ ಮನೆತನದ ಹೆಸರುಗಳು ಏನು ಹೇಳುತ್ತವೆ? ಎತ್ಚೆಬೆರ್ರಿಯಾ ಅಂತ ಒಂದು ಹೆಸರಿದೆ, ತುಂಬಾ ಸಾಮಾನ್ಯವಾದದ್ದು. ‘ಎತ್ಚೆ’ ಅಂದರೆ ಮನೆ, ‘ಬೆರ್ರಿ’ ಅಂದರೆ ಹೊಸತು. ಹೊಸಮನೆ! ನಮ್ಮ ಕಡೆ ಹೊಸಮನಿ ಅನ್ನುವ ಅಡ್ಡಹೆಸರು ಇಲ್ವಾ? ಹಾಗೆಯೇ. ಇದೇ ಪದ ಸ್ಪ್ಯಾನಿಷ್ ಬಾಯಲ್ಲಿ ತಿರುಗಿ ಹಾವಿಯೆರ್ ಆಯಿತು, ಬೇರೆಯವರ ಬಾಯಲ್ಲಿ ಕ್ಸೇವಿಯರ್ ಆಯಿತು. ಹಳೆಗೋವಾದ ಬೋಮ್ ಜೀಸಸ್ ಬಸಿಲಿಕಾದಲ್ಲಿ ಸಂತ ಫ್ರಾನ್ಸಿಸ್ ಕ್ಸೇವಿಯರ್ ಅವರ ದೇಹ ಇದೆ. ಅವರು 1506ರಲ್ಲಿ ಹುಟ್ಟಿದ್ದು ನವಾರ್ರಾದ ಹಾವಿಯೆರ್ ಕೋಟೆಯಲ್ಲಿ. ಕ್ಸೇವಿಯರ್ ಅನ್ನುವುದು ಆ ಜಾಗದ, ಆ ಮನೆಯ ಹೆಸರು. ಮಂಗಳೂರು ಕಡೆ ಕ್ಸೇವಿಯರ್ ಅಂತ ಹೆಸರಿಟ್ಟುಕೊಂಡವರೆಲ್ಲ ತಮಗೆ ಗೊತ್ತಿಲ್ಲದೆಯೇ ‘ಹೊಸಮನೆ’ಯವರು. ನನಗೆ ಇದು ಮೊದಲ ಸಲ ಗೊತ್ತಾದ ದಿನ ತುಂಬಾ ಖುಷಿಯಾಗಿತ್ತು.

ಬಾಸ್ಕ್ ಹಳ್ಳಿಗಳಲ್ಲಿ ಮನೆಯೇ ಎಲ್ಲದರ ನಡು. ಮನೆಗೆ ಹೆಸರಿರುತ್ತದೆ, ಮನುಷ್ಯನನ್ನು ಆ ಮನೆಯ ಹೆಸರಿನಿಂದ ಕರೆಯುತ್ತಾರೆ. ಅಡ್ಡಹೆಸರುಗಳು ಸರ್ಕಾರದ ದಾಖಲೆಯಲ್ಲಿ ಗಟ್ಟಿಯಾಗುವ ಮುಂಚೆ, ಬೇರೆ ಮನೆಗೆ ಹೋಗಿ ನೆಲೆಸಿದವನಿಗೆ ಆ ಮನೆಯ ಹೆಸರೇ ಅಂಟಿಕೊಳ್ಳುತ್ತಿತ್ತು. ಈಗ ಯೋಚನೆ ಮಾಡಿ. ಅರಾನಾ ರಕ್ತ ಶುದ್ಧವಾಗಿದೆಯೇ ಅಂತ ನೋಡುವುದಕ್ಕೆ ಹಿಡಿದ ಅಳತೆಗೋಲು ಯಾವುದು? ಅಡ್ಡಹೆಸರು. ಆ ಅಡ್ಡಹೆಸರು ನಿಜವಾಗಿ ಏನು? ಒಂದು ವಿಳಾಸ. ಯಾರು ಎಲ್ಲಿ ವಾಸವಾಗಿದ್ದರು ಅನ್ನುವ ಗುರುತನ್ನು ಅವನು ಯಾರು ಯಾರ ಹೊಟ್ಟೆಯಲ್ಲಿ ಹುಟ್ಟಿದರು ಅನ್ನುವ ಗುರುತಾಗಿ ಓದಿದ. ಇವತ್ತಿನ ನನ್ನ ಮಾತಿನ ತಿರುಳು ಇದೇ.

ಸರಿ, ಈಗ ಸಿದ್ಧಾಂತಗಳಿಗೆ ಬರೋಣ. ಅರಾನಾ ಇದನ್ನೆಲ್ಲ ಸುಮ್ನೆ ಕಟ್ಟಿಕೊಂಡನೇ? ಕಟ್ಟಿದ್ದು ಬಹಳ ಇದೆ. ಎರಿಕ್ ಹಾಬ್ಸ್‌ಬಾಮ್ ಮತ್ತು ಟೆರೆನ್ಸ್ ರೇಂಜರ್ 1983ರಲ್ಲಿ ‘ಕಟ್ಟಿಕೊಂಡ ಸಂಪ್ರದಾಯ’ ಅನ್ನುವ ಮಾತನ್ನು ಚಾಲ್ತಿಗೆ ತಂದರು. ಹಳೆಯದು ಅಂತ ನಾವು ನಂಬುವ ಎಷ್ಟೋ ಆಚರಣೆಗಳು ನಿನ್ನೆ ಮೊನ್ನೆ ಹುಟ್ಟಿದವು ಅನ್ನುವುದು ಅವರ ವಾದ. ಬಾಸ್ಕ್ ಬಾವುಟವನ್ನೇ ನೋಡಿ. ಕೆಂಪು ನೆಲ, ಹಸಿರು ಮತ್ತು ಬಿಳಿ ಶಿಲುಬೆಗಳು. ಅದನ್ನು ಅಣ್ಣ ತಮ್ಮ ಸೇರಿ ಮಾಡಿದ್ದು 1894ರಲ್ಲಿ. ನಾಡಿನ ಹೆಸರು ‘ಎವುಸ್ಕಾದಿ’ ಅರಾನಾ ಹುಟ್ಟಿಸಿದ ಪದ. ತಾಯ್ನಾಡಿಗೆ ಹೇಳುವ ‘ಅಬೆರ್ರಿ’ಯೂ ಅವನದೇ. ಇನ್ಯಾಕಿ, ಕೆಪಾ, ಮಿರೆನ್ ಅನ್ನುವ ಹೆಸರುಗಳು ಇವತ್ತು ಅಲ್ಲಿ ಮನೆಮನೆಯಲ್ಲಿವೆ. ಎಷ್ಟೋ ಜನ ಅವು ಕಾಡುಮೇಡಿನ ಕಾಲದವು ಅಂತ ತಿಳಿದಿರುತ್ತಾರೆ. ಅವನ್ನೂ ಅರಾನಾ ಕೂತು ರೂಪಿಸಿದ.

ಅವನ ಮನೆಮಾತು ಸ್ಪ್ಯಾನಿಷ್ ಅನ್ನುವುದನ್ನು ಹೇಳಲೇಬೇಕು. ಎವುಸ್ಕಾರಾವನ್ನು ಅವನು ಬೆಳೆದ ಮೇಲೆ ವ್ಯಾಕರಣದ ಪುಸ್ತಕ ಹಿಡಿದು ಕಲಿತ. ಅವನ ಪತ್ರಿಕೆ ಶುರುವಾದದ್ದು 1893ರಲ್ಲಿ, ಬಹುಪಾಲು ಸ್ಪ್ಯಾನಿಷ್‌ನಲ್ಲೇ. ಇಲ್ಲಿ ಬೆನೆಡಿಕ್ಟ್ ಆಂಡರ್ಸನ್ ಅವರನ್ನು ಕರೆಯೋಣ. ಮುಖವನ್ನೇ ನೋಡದ ಲಕ್ಷಾಂತರ ಜನರನ್ನು ನಮ್ಮವರು ಅಂತ ಮನಸ್ಸಿನಲ್ಲಿ ಕಾಣುವುದು ಹೇಗೆ ಸಾಧ್ಯವಾಯಿತು ಅಂತ ಕೇಳಿದವರು ಅವರು. ಜನರ ಭಾಷೆಯಲ್ಲಿ ಅಚ್ಚಾದ ಪತ್ರಿಕೆ, ಪುಸ್ತಕ ಇದನ್ನು ಸಾಧ್ಯಮಾಡಿತು ಅಂದರು. ಬಾಸ್ಕ್ ನಾಡಿನಲ್ಲಿ ಈ ಮಾತು ಅರ್ಧ ಸರಿ. ಎವುಸ್ಕಾರಾದಲ್ಲಿ ಮೊದಲ ಪುಸ್ತಕ ಅಚ್ಚಾದದ್ದು 1545ರಲ್ಲಿ. ಆದರೆ ಎಲ್ಲರೂ ಓದುವ ಒಂದು ಬರಹದ ರೂಪ ಅದಕ್ಕೆ ಸಿಕ್ಕಿದ್ದು 1968ರ ನಂತರ. ಅಷ್ಟರವರೆಗೆ ಕಣಿವೆಗೊಂದು ಎವುಸ್ಕಾರಾ. ಬಾಸ್ಕ್ ರಾಷ್ಟ್ರವನ್ನು ಅಚ್ಚಿನಲ್ಲಿ ಕಂಡದ್ದು ನಿಜ, ಕಂಡದ್ದು ಮಾತ್ರ ಸ್ಪ್ಯಾನಿಷ್ ಅಚ್ಚಿನಲ್ಲಿ.

ಅರ್ನೆಸ್ಟ್ ಗೆಲ್ನರ್ ಹೇಳುವುದು ಕಾರ್ಖಾನೆಯ ಕಥೆ. ಕೈಗಾರಿಕೆ ಬಂದಾಗ ಜನ ಊರು ಬಿಟ್ಟು ಊರಿಗೆ ಹೋಗುತ್ತಾರೆ. ಎಲ್ಲರಿಗೂ ಒಂದೇ ಶಾಲೆಯ ಭಾಷೆ ಬೇಕಾಗುತ್ತದೆ. ಆ ಭಾಷೆ ಇಲ್ಲದವರು ಹಿಂದೆ ಬೀಳುತ್ತಾರೆ, ಅವರಲ್ಲಿ ಬೇರೆ ರಾಷ್ಟ್ರದ ಕನಸು ಹುಟ್ಟುತ್ತದೆ. ಕೈಗಾರಿಕೆ ಮತ್ತು ವಲಸೆ ಇಲ್ಲದೆ ಅರಾನಾ ಇಲ್ಲ, ಆ ಮಟ್ಟಿಗೆ ಗೆಲ್ನರ್ ಸರಿ. ಆದರೆ ಇಲ್ಲಿ ಹಿಂದೆ ಬಿದ್ದವರು ಬೇರೆಯಾಗಲು ಹೊರಡಲಿಲ್ಲ. ಸ್ಪೇನಿನಲ್ಲೇ ಮುಂದಿದ್ದ, ಶ್ರೀಮಂತವಾದ ಪ್ರಾಂತ್ಯದ ಮಧ್ಯಮವರ್ಗದವರು ಹೊರಟರು. ಬಡವರಾಗಿದ್ದದ್ದು ಹೊರಗಿನಿಂದ ಬಂದವರು.

ನನಗೆ ಜಾಸ್ತಿ ಹಿಡಿಸುವುದು ಆಂಥೊನಿ ಸ್ಮಿತ್ ಅವರ ತಕರಾರು. ಕಟ್ಟುವುದು ಇರಲಿ, ಕಟ್ಟುವುದಕ್ಕೆ ಹಳೆಯ ಕಲ್ಲು ಬೇಕಲ್ಲ ಅನ್ನುತ್ತಾರೆ ಅವರು. ಬಾಸ್ಕ್ ನಾಡಿನಲ್ಲಿ ಹಳೆಯ ಕಲ್ಲು ರಾಶಿ ಬಿದ್ದಿತ್ತು. ಗೆರ್ನಿಕಾದ ಮರ, ಫುವೆರೊ ಹಕ್ಕು, ಯಾರಿಗೂ ನೆಂಟಲ್ಲದ ಭಾಷೆ. ರಕ್ತದ ಮಾತಿಗೂ ಹಳೆಯ ಬೇರಿತ್ತು. ಬಿಸ್ಕಾಯಾದಲ್ಲಿ ಹುಟ್ಟಿದವನು ಬಡ ರೈತನಾದರೂ ಕಾನೂನಿನ ಕಣ್ಣಿಗೆ ಕುಲೀನ ಅಂತ ಶತಮಾನಗಳ ಹಿಂದೆಯೇ ಒಪ್ಪಿಗೆಯಾಗಿತ್ತು. ನಮ್ಮಲ್ಲಿ ಯಹೂದಿಗಳ ರಕ್ತವಾಗಲಿ, ಮೂರ್‌ಗಳ ಅಂದರೆ ಒಂದು ಕಾಲದಲ್ಲಿ ಸ್ಪೇನಿನಲ್ಲಿದ್ದ ಮುಸಲ್ಮಾನರ ರಕ್ತವಾಗಲಿ ಬೆರೆತಿಲ್ಲ ಅನ್ನುವುದೇ ಅದಕ್ಕೆ ಕೊಡುತ್ತಿದ್ದ ಕಾರಣ. ಅರಾನಾ ಈ ಹಳೆಯ ಹಮ್ಮನ್ನು ತೆಗೆದು ಹೊಸ ಪಕ್ಷದ ನಿಯಮ ಮಾಡಿದ.

ಇನ್ನೊಬ್ಬರು ಬಾಕಿ ಇದ್ದಾರೆ. ನಾರ್ವೆಯ ಮಾನವಶಾಸ್ತ್ರಜ್ಞ ಫ್ರೆಡ್ರಿಕ್ ಬಾರ್ತ್. 1969ರಲ್ಲಿ ಅವರು ಹೇಳಿದ್ದನ್ನು ನಮ್ಮ ಮಾತಿನಲ್ಲಿ ಹೇಳಬೇಕಾದರೆ, ಹೊಲದೊಳಗೆ ಏನು ಬೆಳೆದಿದ್ದಾರೆ ಅಂತ ನೋಡಬೇಡಿ, ಬೇಲಿ ಎಲ್ಲಿ ಹಾಕಿದ್ದಾರೆ ಅಂತ ನೋಡಿ. ಬೆಳೆ ಬದಲಾಗಬಹುದು. ಬಟ್ಟೆ, ಊಟ, ಭಾಷೆ ಎಲ್ಲ ಬದಲಾಗಬಹುದು. ಬೇಲಿ ಇದ್ದರೆ ಗುಂಪು ಉಳಿಯುತ್ತದೆ.

ಅರಾನಾ ಈ ಬೇಲಿಯ ಮಾತನ್ನು ಬಾರ್ತ್‌ಗಿಂತ 75 ವರ್ಷ ಮುಂಚೆ ತಾನಾಗಿಯೇ ಒಪ್ಪಿಕೊಂಡಿದ್ದಾನೆ. 1894ರ ಒಂದು ಬರಹದಲ್ಲಿ ಅವನು ಕ್ಯಾಟಲನ್ನರ ಜೊತೆ, ಅಂದರೆ ಬಾರ್ಸೆಲೋನಾ ಕಡೆಯ, ತಮ್ಮದೇ ಭಾಷೆಯುಳ್ಳ ಜನರ ಜೊತೆ, ಜಗಳ ತೆಗೆಯುತ್ತಾನೆ. ಕ್ಯಾಟಲನ್ನರಿಗೆ ಬೇರೆ ಸ್ಪ್ಯಾನಿಷರು ಬಂದು ತಮ್ಮ ಭಾಷೆ ಕಲಿತರೆ ಸಂತೋಷ. ನಮಗೆ ಅದೇ ಸಂಕಟ ಅನ್ನುತ್ತಾನೆ. ಬಂದವರೆಲ್ಲ ಎವುಸ್ಕಾರಾ ಕಲಿತುಬಿಟ್ಟರೆ ನಾವು ಅದನ್ನು ಬಿಟ್ಟು ಬೇರೆ ಯಾವುದಾದರೂ ಭಾಷೆ ಹುಡುಕಿಕೊಳ್ಳಬೇಕಾಗುತ್ತದೆ ಅನ್ನುವ ಅರ್ಥದ ಮಾತು ಅಲ್ಲಿದೆ. ಭಾಷೆಯನ್ನು ಪ್ರೀತಿಸಿ ವ್ಯಾಕರಣ ಬರೆದವನು, ಅದು ಹರಡುವುದನ್ನು ಕಂಡು ಹೆದರುತ್ತಾನೆ. ಅವನಿಗೆ ಭಾಷೆ ಒಂದು ಮುಳ್ಳುಬೇಲಿಯಾಗಿತ್ತು. ಎವುಸ್ಕಾಲ್ದುನ್ ಅನ್ನುವ ಹಳೆಯ ಪದದ ಬಾಗಿಲನ್ನು ಅವನು ಹೀಗೆ ಮುಚ್ಚಿದ. 1903ರಲ್ಲಿ, 38ನೆಯ ವಯಸ್ಸಿಗೇ, ತೀರಿಕೊಂಡ.

ನಡುವಿನ ಮೂವತ್ತು ವರ್ಷವನ್ನು ಬೇಗ ದಾಟುತ್ತೇನೆ. 1936ರಲ್ಲಿ ಸ್ಪೇನಿನಲ್ಲಿ ಅಂತರ್ಯುದ್ಧ ಶುರುವಾಯಿತು. ಆ ಅಕ್ಟೋಬರಿನಲ್ಲಿ ಬಾಸ್ಕ್ ಸ್ವಾಯತ್ತ ಸರ್ಕಾರದ ಮೊದಲ ಅಧ್ಯಕ್ಷ ಹೋಸೆ ಆಂಟೋನಿಯೊ ಅಗಿರ್ರೆ ಗೆರ್ನಿಕಾದ ಮರದ ಕೆಳಗೆ ಪ್ರಮಾಣ ಮಾಡಿದರು. 1937ರ ಏಪ್ರಿಲ್ 26ರಂದು ಜರ್ಮನಿ ಮತ್ತು ಇಟಲಿಯ ವಿಮಾನಗಳು ಗೆರ್ನಿಕಾವನ್ನು ಸುಟ್ಟವು. ಮರ ಮಾತ್ರ ಉಳಿಯಿತು. ಜೂನ್‌ನಲ್ಲಿ ಬಿಲ್ಬಾವೊ ಬಿತ್ತು. ಆ ವಿಮಾನಗಳು ಸರ್ಕಾರದ ವಿರುದ್ಧ ದಂಗೆ ಎದ್ದ ಸೇನೆಯ ನಾಯಕ ಫ್ರಾಂಕೊ ಪರವಾಗಿದ್ದವು, ಮುಂದೆ ಸ್ಪೇನನ್ನು ಸರ್ವಾಧಿಕಾರಿಯಾಗಿ ಆಳಿದವನು ಅವನೇ. ಅವನು ಬಿಸ್ಕಾಯಾ ಮತ್ತು ಗಿಪುಸ್ಕೋವಾಗಳನ್ನು ದ್ರೋಹಿ ಪ್ರಾಂತ್ಯಗಳು ಅಂತ ಶಿಕ್ಷಿಸಿದ. ಅರಾಬಾ, ನವಾರ್ರಾಗಳಿಗೆ ಆ ಶಿಕ್ಷೆ ಆಗಲಿಲ್ಲ. ಯಾಕೆಂದರೆ ನವಾರ್ರಾದ ಸಾವಿರಾರು ಸ್ವಯಂಸೇವಕರು ಫ್ರಾಂಕೊ ಪರವಾಗಿಯೇ ಹೋರಾಡಿದ್ದರು. ಅವರ ಅಡ್ಡಹೆಸರುಗಳೂ ಬಾಸ್ಕ್ ಹೆಸರುಗಳೇ. ಇದನ್ನು ಯಾಕೆ ಒತ್ತಿ ಹೇಳುತ್ತೇನೆ ಅಂದರೆ, ಸ್ಪೇನ್ ಒಂದು ಕಡೆ ಬಾಸ್ಕರು ಒಂದು ಕಡೆ ಅನ್ನುವ ಕಥೆ ಎಲ್ಲರ ಬಾಯಲ್ಲೂ ಇದೆ. ಅದು ಬಾಸ್ಕರೊಳಗಿನ ಅಂತರ್ಯುದ್ಧವೂ ಆಗಿತ್ತು.

ಫ್ರಾಂಕೊ ಕಾಲದಲ್ಲಿ ಮಗುವಿಗೆ ಬಾಸ್ಕ್ ಹೆಸರಿಡುವ ಹಾಗಿರಲಿಲ್ಲ. ಶಾಲೆಯಲ್ಲಿ ಆ ಭಾಷೆಗೆ ಜಾಗವಿರಲಿಲ್ಲ. ಆದರೆ 1940ರ ದಶಕದಲ್ಲೇ ಸಾನ್ ಸೆಬಾಸ್ಟಿಯನ್ ಪಟ್ಟಣದಲ್ಲಿ ಎಲ್ಬಿರಾ ಸಿಪಿತ್ರಿಯಾ ಅನ್ನುವ ಮೇಡಂ ಒಬ್ಬರು ಮನೆಯಲ್ಲೇ ಗುಟ್ಟಾಗಿ ಮಕ್ಕಳಿಗೆ ಎವುಸ್ಕಾರಾದಲ್ಲಿ ಪಾಠ ಹೇಳುತ್ತಿದ್ದರು. ‘ಇಕಾಸ್ತೋಲಾ’ ಅನ್ನುವ ಬಾಸ್ಕ್ ಶಾಲೆಗಳ ದೊಡ್ಡ ಚಳವಳಿಗೆ ಆ ಮನೆಪಾಠವೂ ಒಂದು ಬೀಜ. ಬಂದೂಕಿನ ಕಥೆ ಎಲ್ಲರಿಗೂ ಗೊತ್ತಿರುತ್ತದೆ. ಈ ಹೆಸರು ಗೊತ್ತಿರಲಿ ಅಂತ ಹೇಳಿದೆ.

1959ರಲ್ಲಿ, ಮುಂದೆ ಬಂದೂಕು ಹಿಡಿದ ‘ಎಟಾ’ ಸಂಘಟನೆ ಹುಟ್ಟಿತು. ಎವುಸ್ಕಾದಿ ತಾ ಅಸ್ಕತಾಸುನಾ, ಅಂದರೆ ಬಾಸ್ಕ್ ನಾಡು ಮತ್ತು ಬಿಡುಗಡೆ. ಶುರು ಮಾಡಿದವರು ಕಾಲೇಜು ಹುಡುಗರು. ಅವರಿಗೆ ಅರಾನಾನ ರಕ್ತದ ಮಾತು ಬೇಡವಾಗಿತ್ತು. ಹಿಟ್ಲರ್ ಆದ ಮೇಲೆ ಯುರೋಪಿನಲ್ಲಿ ರಕ್ತದ ಮಾತಾಡುವ ಧೈರ್ಯ ಯಾರಿಗಿದ್ದೀತು? ಅವರು ಭಾಷೆಯನ್ನು ನಡುವಿಗೆ ತಂದರು. ಸ್ಥಾಪಕರಲ್ಲಿ ಒಬ್ಬರಾದ ತ್ಚಿಲ್ಯಾರ್ದೆಗಿ ಎವುಸ್ಕಾರಾವನ್ನು ದೊಡ್ಡವರಾದ ಮೇಲೆ ಕಲಿತವರು. 1963ರಲ್ಲಿ ಆ ಗುಂಪಿನ ಯೋಚನೆಯನ್ನು ತಿದ್ದಿದ ಫೆದೆರಿಕೊ ಕ್ರುತ್ವಿಗ್ ಅವರ ಅಡ್ಡಹೆಸರೇ ಜರ್ಮನ್. ಅರಾನಾನ ಸಂಘದ ಬಾಗಿಲಲ್ಲೇ ಅವರನ್ನು ನಿಲ್ಲಿಸುತ್ತಿದ್ದರು!

ಆದರೆ ಭಾಷೆಯ ಬೇಲಿ ಹಾಕಿದಾಗ ಬೇರೆ ಕಷ್ಟ ಎದುರಾಯಿತು. ಬಾಸ್ಕರಲ್ಲೇ ಹೆಚ್ಚು ಜನಕ್ಕೆ ಆ ಭಾಷೆ ಬರುತ್ತಿರಲಿಲ್ಲ. 1950 ಮತ್ತು 60ರ ದಶಕಗಳಲ್ಲಿ ಸ್ಪೇನಿನ ಆಂದಲುಸಿಯಾ, ಎಸ್ತ್ರೆಮದುರಾ, ಗಲಿಸಿಯಾ ಕಡೆಗಳಿಂದ ಇನ್ನೊಂದು ದೊಡ್ಡ ವಲಸೆ ಬಂತು. ಕಾರ್ಖಾನೆಯ ಅರ್ಧ ಕೆಲಸಗಾರರನ್ನು ಹೊರಗಿಟ್ಟು ಕ್ರಾಂತಿ ಮಾಡುವುದು ಹೇಗೆ? 1966–67ರ ಎಟಾ ಸಭೆಯಲ್ಲಿ ‘ದುಡಿಯುವ ಬಾಸ್ಕ್ ಜನ’ ಅನ್ನುವ ಹೊಸ ಮಾತು ಬಂತು. ಇಲ್ಲಿ ದುಡಿಯುವವನು, ಈ ಹೋರಾಟಕ್ಕೆ ಸೇರುವವನು ಬಾಸ್ಕ್. ಎಂಬತ್ತು ವರ್ಷದೊಳಗೆ ಬೇಲಿ ಮೂರು ಕಡೆ ನಿಂತಿತು. ಮೊದಲು ರಕ್ತ, ಆಮೇಲೆ ನಾಲಗೆ, ಈಗ ಹೋರಾಟ.

ಕೇಳುವುದಕ್ಕೆ ಮೂರನೆಯದು ಎಲ್ಲಕ್ಕಿಂತ ಉದಾರ ಅನ್ನಿಸುತ್ತದೆ ಅಲ್ವಾ? ಯಾರು ಬೇಕಾದರೂ ಒಳಗೆ ಬರಬಹುದು. ನನಗೂ ಬಹಳ ವರ್ಷ ಹಾಗೇ ಅನ್ನಿಸಿತ್ತು. ಈ ಬೇಲಿಯೇ ಅತಿ ಕ್ರೂರವಾದದ್ದು ಅಂತ ಈಗ ಅನ್ನಿಸುತ್ತದೆ. ಮೂವರ ಕಥೆ ಹೇಳುತ್ತೇನೆ.

ಹುವಾನ್ ಪರೇದೆಸ್ ಮಾನೊತ್. ಎಲ್ಲರೂ ಕರೆಯುತ್ತಿದ್ದದ್ದು ‘ತ್ಚಿಕಿ’ ಅಂತ. ತ್ಚಿಕಿ ಅಂದರೆ ಪುಟ್ಟ. ಹುಟ್ಟಿದ್ದು ಎಸ್ತ್ರೆಮದುರಾದ ಬಡ ಊರಿನಲ್ಲಿ. ಮನೆಯವರು ಕೆಲಸಕ್ಕಾಗಿ ಗಿಪುಸ್ಕೋವಾದ ಸರಾವುತ್ಸ್‌ಗೆ ವಲಸೆ ಬಂದರು. ಅರಾನಾನ ಲೆಕ್ಕದಲ್ಲಿ ಅಪ್ಪಟ ಮಕೇತೋ. ಅವನು ಎಟಾ ಸೇರಿದ. ಬಾರ್ಸೆಲೋನಾದ ಬ್ಯಾಂಕ್ ದರೋಡೆಯಲ್ಲಿ ಪೊಲೀಸನನ್ನು ಕೊಂದ ಆರೋಪದ ಮೇಲೆ ಮಿಲಿಟರಿ ಕೋರ್ಟು ಮರಣದಂಡನೆ ಕೊಟ್ಟಿತು. 1975ರ ಸೆಪ್ಟೆಂಬರ್ 27ರಂದು ಗುಂಡಿಕ್ಕಿದರು. ಅವನಿಗೆ 21 ವರ್ಷ. ಫ್ರಾಂಕೊ ಸತ್ತದ್ದು ಅದಾಗಿ ಎರಡು ತಿಂಗಳೊಳಗೆ. ವಲಸೆ ಬಂದವರ ಮಗ ಬಾಸ್ಕ್ ನಾಡಿನ ಹುತಾತ್ಮನಾದ.

ಮರಿಯಾ ದೊಲೊರೆಸ್ ಗೊನ್ಸಾಲೆಸ್ ಕತರಾಯಿನ್, ‘ಯೋಯೆಸ್’. ಗಿಪುಸ್ಕೋವಾದ ಒರ್ದಿಸಿಯಾ ಊರಿನ ಹೆಣ್ಣುಮಗಳು, ಎಟಾದ ಮುಂದಾಳುಗಳಲ್ಲಿ ಒಬ್ಬಳಾಗಿದ್ದವಳು. ಸಂಘಟನೆ ಬಿಟ್ಟಳು, ಮೆಕ್ಸಿಕೋಗೆ ಹೋಗಿ ಓದಿದಳು, ಮಗುವಾಯಿತು, ಊರಿಗೆ ವಾಪಸ್ ಬಂದಳು. 1986ರ ಸೆಪ್ಟೆಂಬರ್ 10ರಂದು ಅದೇ ಒರ್ದಿಸಿಯಾದ ಚೌಕದಲ್ಲಿ, ಮೂರು ವರ್ಷದ ಮಗನ ಕಣ್ಣೆದುರಿಗೆ ಎಟಾದವರೇ ಆಕೆಯನ್ನು ಕೊಂದರು. ಹುಟ್ಟೂರು ಅದೇ, ಮಣ್ಣು ಅದೇ. ಬೇಲಿ ದಾಟಿದ್ದೊಂದೇ ತಪ್ಪು.

ಮಿಗೆಲ್ ಆಂಹೆಲ್ ಬ್ಲಾಂಕೊ. ಬಿಸ್ಕಾಯಾದ ಎರ್ಮುವಾ ಊರಿನ ಕೌನ್ಸಿಲರ್. 29 ವರ್ಷ. ತಂದೆ ತಾಯಿ ಗಲಿಸಿಯಾದಿಂದ ಬಂದವರು. ತಂದೆ ಗಾರೆ ಕೆಲಸದವರು. 1997ರ ಜುಲೈ 10ರಂದು ಎಟಾ ಅವನನ್ನು ಎತ್ತಿಕೊಂಡು ಹೋಯಿತು. ದೂರದ ಜೈಲುಗಳಲ್ಲಿರುವ ನಮ್ಮ ಕೈದಿಗಳನ್ನು 48 ಗಂಟೆಯೊಳಗೆ ಬಾಸ್ಕ್ ನಾಡಿಗೆ ತನ್ನಿ ಅಂತ ಗಡುವು ಕೊಟ್ಟಿತು. ಇಡೀ ಸ್ಪೇನ್ ಬೀದಿಗಿಳಿಯಿತು. ಬಿಲ್ಬಾವೊದಲ್ಲೂ ಲಕ್ಷಾಂತರ ಜನ ಸೇರಿದರು. ಗಡುವು ಮುಗಿದ ಮೇಲೆ ತಲೆಗೆ ಗುಂಡು ಹೊಡೆದು ಕಾಡಿನ ಹತ್ತಿರ ಬಿಟ್ಟುಹೋದರು. 13ರ ಬೆಳಗಿನ ಜಾವ ಅವನ ಜೀವ ಹೋಯಿತು.

ತ್ಚಿಕಿಯನ್ನೂ ಬ್ಲಾಂಕೊನನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿ. ಇಬ್ಬರೂ ವಲಸೆ ಬಂದ ಬಡವರ ಮಕ್ಕಳು. ಇಬ್ಬರ ಅಡ್ಡಹೆಸರೂ ಬಾಸ್ಕ್ ಅಲ್ಲ. ಒಬ್ಬ ಈ ನಾಡಿನವನಾಗಿ ಸತ್ತ, ಇನ್ನೊಬ್ಬನನ್ನು ಹೊರಗಿನವನಾಗಿ ಕೊಂದರು. ರಕ್ತ ಇದನ್ನು ವಿವರಿಸುವುದಿಲ್ಲ. ಭಾಷೆಯೂ ವಿವರಿಸುವುದಿಲ್ಲ. ಇಲ್ಲಿ ಬೇಲಿಯ ಕೆಲಸವನ್ನು ಕೊಲೆಯೇ ಮಾಡುತ್ತಿತ್ತು.

ಡ್ಯಾನಿಯೆಲೆ ಕಾನ್ವರ್ಸಿ ಅನ್ನುವ ವಿದ್ವಾಂಸರು ಕ್ಯಾಟಲನ್ ಮತ್ತು ಬಾಸ್ಕ್ ಚಳವಳಿಗಳನ್ನು ಹೋಲಿಸಿ ಇದನ್ನೇ ಹೇಳಿದ್ದಾರೆ. ಕ್ಯಾಟಲನ್ನರಲ್ಲಿ ಭಾಷೆಯ ವಿಷಯದಲ್ಲಿ ಒಮ್ಮತ ಇತ್ತು. ಬಹುಪಾಲು ಜನ ಮಾತಾಡುತ್ತಿದ್ದರು, ಬಂದವರು ಕಲಿಯುತ್ತಿದ್ದರು. ಹಾಗಾಗಿ ಅಲ್ಲಿನ ಚಳವಳಿ ಹೆಚ್ಚುಕಡಿಮೆ ಶಾಂತವಾಗಿ ನಡೆಯಿತು. ಬಾಸ್ಕರಲ್ಲಿ ನಮ್ಮನ್ನು ಒಂದು ಮಾಡುವುದು ಏನು ಅನ್ನುವ ಪ್ರಶ್ನೆಗೆ ಒಪ್ಪಿತ ಉತ್ತರ ಇರಲಿಲ್ಲ. ಆ ಖಾಲಿ ಜಾಗದಲ್ಲಿ ಹಿಂಸೆ ಬಂದು ಕೂತಿತು. ಹೊಡೆದರೆ ಸರ್ಕಾರ ತಿರುಗಿ ಎಲ್ಲರನ್ನೂ ಹೊಡೆಯುತ್ತದೆ, ಆಗ ಎಲ್ಲರೂ ಒಂದಾಗುತ್ತಾರೆ ಅನ್ನುವುದು ಎಟಾದ ಬಹಿರಂಗ ಲೆಕ್ಕವೇ ಆಗಿತ್ತು. ಫ್ರಾಂಕೊ ಆ ಲೆಕ್ಕವನ್ನು ಸರಿಮಾಡಿಕೊಟ್ಟ. 1968ರಲ್ಲಿ ಮೊದಲ ಕೊಲೆಗಳಾದ ಮೇಲೆ ತುರ್ತುಸ್ಥಿತಿ ಹೇರಿದ, ಜನರನ್ನು ಹಿಡಿದು ಹಿಂಸಿಸಿದ. 1970ರಲ್ಲಿ ಬುರ್ಗೋಸ್ ಊರಿನ ಮಿಲಿಟರಿ ಕೋರ್ಟಿನಲ್ಲಿ ಎಟಾದವರ ವಿಚಾರಣೆ ನಡೆದ ಹೊತ್ತಿಗೆ ಜಗತ್ತಿನ ಕನಿಕರ ಎಟಾ ಕಡೆಗಿತ್ತು.

ಕೇಳಬೇಕಾದ ಪ್ರಶ್ನೆ ಇದು. ಫ್ರಾಂಕೊ 1975ರಲ್ಲಿ ಸತ್ತ. 1979ರಲ್ಲಿ ಬಾಸ್ಕ್ ನಾಡಿಗೆ ಸ್ವಾಯತ್ತತೆ ಸಿಕ್ಕಿತು. ತನ್ನದೇ ಸಂಸತ್ತು, ತನ್ನದೇ ಪೊಲೀಸ್, ತೆರಿಗೆ ಎತ್ತುವ ಹಕ್ಕು. ಎಟಾ ಕೊಂದ 800ಕ್ಕೂ ಹೆಚ್ಚು ಜನರಲ್ಲಿ ಬಹುಪಾಲು ಸತ್ತದ್ದು ಫ್ರಾಂಕೊ ಸತ್ತ ಮೇಲೆ. ಅತಿ ಹೆಚ್ಚು ಕೊಲೆಗಳಾದದ್ದು ಸ್ವಾಯತ್ತತೆ ಬರುತ್ತಿದ್ದ 1978ರಿಂದ 80ರ ನಡುವೆ. ಅನ್ಯಾಯ ಆಗಿದ್ದಕ್ಕೆ ಬಂದೂಕು ಹಿಡಿದರು ಅನ್ನುವ ವಿವರಣೆ ಇಲ್ಲಿ ಸಾಲುವುದಿಲ್ಲ. ಬಾಗಿಲು ತೆರೆಯುತ್ತಿದ್ದಾಗಲೇ ಬೇಲಿ ಬಿಗಿಯಾಯಿತು. ಸರ್ಕಾರದ ಕಡೆಯ ತಪ್ಪನ್ನೂ ಹೇಳಬೇಕು. 1983ರಿಂದ 87ರವರೆಗೆ ‘ಗಾಲ್’ ಅನ್ನುವ ಗುಪ್ತ ಕೊಲೆಗಾರರ ಪಡೆ 27 ಜನರನ್ನು ಕೊಂದಿತು. ಅದರ ಹಿಂದೆ ಸ್ಪೇನ್ ಗೃಹ ಇಲಾಖೆಯವರೇ ಇದ್ದರು ಅಂತ ಕೋರ್ಟಿನಲ್ಲಿ ಸಾಬೀತಾಯಿತು, ಮಾಜಿ ಗೃಹಮಂತ್ರಿ ಜೈಲಿಗೆ ಹೋದರು. ಪ್ರಜಾಪ್ರಭುತ್ವದ ಸರ್ಕಾರವೂ ಎಟಾಕ್ಕೆ ಉಸಿರು ಕೊಟ್ಟಿತು.

ಇಷ್ಟೆಲ್ಲ ನಡೆಯುತ್ತಿದ್ದಾಗ ಸಾಮಾನ್ಯ ಜನ ತಮ್ಮನ್ನು ಏನಂತ ಕರೆದುಕೊಳ್ಳುತ್ತಿದ್ದರು? ಹುವಾನ್ ಲಿನ್ಸ್ ಮತ್ತು ಲೂಯಿಸ್ ಮೊರೆನೊ ಹೆಸರಿನಲ್ಲಿ ಒಂದು ಸಮೀಕ್ಷೆಯ ಪ್ರಶ್ನೆ ಇದೆ. ಬಾಸ್ಕ್ ಮಾತ್ರವೇ, ಬಾಸ್ಕ್ ಜಾಸ್ತಿ ಸ್ಪ್ಯಾನಿಷ್ ಕಡಿಮೆಯೇ, ಎರಡೂ ಸಮವೇ, ಸ್ಪ್ಯಾನಿಷ್ ಜಾಸ್ತಿಯೇ, ಸ್ಪ್ಯಾನಿಷ್ ಮಾತ್ರವೇ? ಐದರಲ್ಲಿ ಒಂದನ್ನು ಆರಿಸಬೇಕು. ಸಮೀಕ್ಷೆ ಸಮೀಕ್ಷೆಯಲ್ಲೂ ನಡುವಿನ ಉತ್ತರಗಳಿಗೆ ದೊಡ್ಡ ಪಾಲು ಬರುತ್ತದೆ. ಹಿಂಸೆಯಿಂದ ಹಾಕಿದ ಬೇಲಿ ಈ ನಡುವಿನವರ ಮನೆಯೊಳಗೇ ಹಾದುಹೋಗಿತ್ತು. ಚಿಕ್ಕ ಊರುಗಳಲ್ಲಿ ಅಂಗರಕ್ಷಕರ ಜೊತೆ ಓಡಾಡುವ ಕೌನ್ಸಿಲರನ್ನು ನೆರೆಯವರು ಮಾತಾಡಿಸುತ್ತಿರಲಿಲ್ಲ. ಅದು ದ್ವೇಷದಿಂದಲೇ ಅಂತಲ್ಲ, ಎಷ್ಟೋ ಸಲ ಬರೀ ಭಯ.

2011ರ ಅಕ್ಟೋಬರ್ 20ರಂದು ಎಟಾ ಬಂದೂಕು ನಿಲ್ಲಿಸಿತು. 2018ರ ಮೇನಲ್ಲಿ ಸಂಘಟನೆಯನ್ನೇ ವಿಸರ್ಜಿಸಿತು. ಅದಕ್ಕೆ ಸ್ವಲ್ಪ ಮುಂಚೆ, ಏಪ್ರಿಲ್‌ನಲ್ಲಿ, ಒಂದು ಹೇಳಿಕೆ ಕೊಟ್ಟಿತು. ಸಂಘರ್ಷದಲ್ಲಿ ನೇರ ಪಾಲಿಲ್ಲದೆ ಬಲಿಯಾದವರ ಕ್ಷಮೆ ಕೇಳಿತು. ಉಳಿದವರ ಬಗ್ಗೆ ಗೌರವದ ಮಾತು ಮಾತ್ರ. ಸತ್ತವರಲ್ಲೂ ಎರಡು ಸಾಲು ಮಾಡಿದರು. ಮನೆಯವರನ್ನು ಕಳೆದುಕೊಂಡ ಎಷ್ಟೋ ಜನರಿಗೆ ಅದು ಮತ್ತೊಂದು ಗಾಯವಾಯಿತು. ಬಂದೂಕು ಹೋದರೂ ಆ ಬೇಲಿಯ ಗೂಟಗಳು ನೆಲದಲ್ಲಿ ಉಳಿದಿದ್ದವು.

ಭಾಷೆ ಏನಾಯಿತು? 1968ರಲ್ಲಿ ಅರಾಂತ್ಸಾಸು ಅನ್ನುವ ಬೆಟ್ಟದ ಮಠದಲ್ಲಿ ಬಾಸ್ಕ್ ಅಕಾಡೆಮಿ ಸಭೆ ಸೇರಿತು. ಕೋಲ್ದೊ ಮಿತ್ಚೆಲೆನಾ ಅವರ ಮುಂದಾಳತ್ವದಲ್ಲಿ ಎಲ್ಲ ಕಣಿವೆಗಳಿಗೂ ಒಂದು ಬರಹದ ಭಾಷೆ ಬೇಕು ಅಂತ ತೀರ್ಮಾನಿಸಿತು. ಈ ಮಿತ್ಚೆಲೆನಾ ಯುವಕರಾಗಿದ್ದಾಗ ಫ್ರಾಂಕೊ ಸೈನ್ಯದ ಕೈಗೆ ಸಿಕ್ಕಿ ಮರಣದಂಡನೆಗೆ ಗುರಿಯಾಗಿದ್ದವರು. ಆ ಶಿಕ್ಷೆ ಬದಲಾಗಿ ವರ್ಷಗಟ್ಟಲೆ ಜೈಲಿನಲ್ಲಿದ್ದು ಹೊರಬಂದರು. ಎಟಾ ಮೊದಲ ಕೊಲೆ ಮಾಡಿದ ವರ್ಷವೂ 1968ನೆಯದೇ ಅನ್ನುವುದು ನನ್ನ ಮನಸ್ಸಿನಲ್ಲಿ ಯಾವಾಗಲೂ ಸುಳಿಯುತ್ತದೆ. ಒಂದೇ ವರ್ಷ, ನಾಡನ್ನು ಕಟ್ಟುವ ಎರಡು ದಾರಿಗಳು.

1982ರ ಕಾನೂನು ಶಾಲೆಗಳಲ್ಲಿ ಎವುಸ್ಕಾರಾಕ್ಕೆ ಗಟ್ಟಿ ಜಾಗ ಕೊಟ್ಟಿತು. ಪೂರ್ತಿ ಎವುಸ್ಕಾರಾದಲ್ಲೇ ಕಲಿಸುವ ಶಾಲೆಗೆ ವಲಸೆ ಬಂದವರ ಮೊಮ್ಮಕ್ಕಳೂ ಹೋದರು. ಸ್ವಾಯತ್ತ ಪ್ರದೇಶದ ದೊಡ್ಡವರಲ್ಲಿ ಈ ಭಾಷೆ ಚೆನ್ನಾಗಿ ಬರುವವರು 1991ರಲ್ಲಿ ನಾಲ್ವರಲ್ಲಿ ಒಬ್ಬರಿದ್ದರು. 2021ರ ಹೊತ್ತಿಗೆ ಮೂವರಲ್ಲಿ ಒಬ್ಬರಿಗಿಂತ ಜಾಸ್ತಿ. ಕಲಿತವರಿಗೆ ಒಂದು ಹೆಸರಿದೆ, ‘ಎವುಸ್ಕಾಲ್ದುನ್ ಬೆರ್ರಿ’. ಬೆರ್ರಿ ಅಂದರೆ ಹೊಸತು ಅಂತ ಆಗಲೇ ಹೇಳಿದ್ದೆನಲ್ಲ. ಹೊಸದಾಗಿ ಭಾಷೆಯುಳ್ಳವನು. ಅರಾನಾ ಹೆದರಿದ್ದು ಇವರಿಗೇ. ಅವನು ಬದುಕಿಸಬೇಕೆಂದಿದ್ದ ಭಾಷೆಯನ್ನು ಇವತ್ತು ಬದುಕಿಸಿರುವವರಲ್ಲಿ ಇವರ ಪಾಲು ದೊಡ್ಡದು.

1980ರಿಂದ ಅಲ್ಲಿ ‘ಕೊರ್ರಿಕಾ’ ಅಂತ ಒಂದು ಓಟ ನಡೆಯುತ್ತದೆ. ದೊಡ್ಡವರಿಗೆ ಎವುಸ್ಕಾರಾ ಕಲಿಸುವ ತರಗತಿಗಳಿಗೆ ಹಣ ಕೂಡಿಸುವ ಓಟ. ಹಗಲು ರಾತ್ರಿ ನಿಲ್ಲದೆ ಹತ್ತಾರು ದಿನ, ಏಳೂ ಪ್ರಾಂತ್ಯಗಳ ಊರೂರಿನ ಮೇಲೆ. ಒಂದೊಂದು ಕಿಲೋಮೀಟರನ್ನು ಒಬ್ಬೊಬ್ಬರು ಹಣ ಕೊಟ್ಟು ಕೊಳ್ಳುತ್ತಾರೆ. ಕೈಯಿಂದ ಕೈಗೆ ಒಂದು ಮರದ ಕೋಲು ಹೋಗುತ್ತದೆ. ಕೋಲಿನೊಳಗೆ ಒಂದು ಸಂದೇಶ ಇರುತ್ತದೆ. ಅದನ್ನು ಓದುವುದು ಓಟ ಮುಗಿದ ಮೇಲೆ.

ಕೊನೆಗೆ, ಕಾನೂನು ಏನನ್ನುತ್ತದೆ ಅಂತ ಹೇಳಿ ಮುಗಿಸುತ್ತೇನೆ. ಸ್ವಾಯತ್ತತೆ ಕೊಟ್ಟ 1979ರ ಕಾನೂನು, ಅಂದರೆ ಗೆರ್ನಿಕಾ ಶಾಸನದ 7ನೆಯ ವಿಧಿಯಲ್ಲಿ ಬಾಸ್ಕ್ ಅಂದರೆ ಯಾರು ಅನ್ನುವುದಕ್ಕೆ ಉತ್ತರ ಇದೆ. ಅಜ್ಜಿಯ ಅಡ್ಡಹೆಸರು ಕೇಳಿಲ್ಲ. ಯಾವ ಭಾಷೆ ಬರುತ್ತದೆ ಅಂತ ಕೇಳಿಲ್ಲ. ಯಾವ ಹೋರಾಟಕ್ಕೆ ಸೇರಿದ್ದೆ ಅಂತಲೂ ಕೇಳಿಲ್ಲ. ಅಲ್ಲಿನ ಯಾವುದಾದರೂ ಊರಿನ ದಾಖಲೆಯಲ್ಲಿ ನಿವಾಸಿ ಅಂತ ಹೆಸರಿರಬೇಕು, ಅಷ್ಟೇ. ಎತ್ಚೆಬೆರ್ರಿಯಾ ಅನ್ನುವ ಹೆಸರು ಮೊದಲು ಯಾರಿಗೆ ಬಂತೋ, ಅವರಿಗೂ ಅದು ಬಂದದ್ದು ಅಲ್ಲೊಂದು ಹೊಸ ಮನೆಯಲ್ಲಿ ವಾಸಕ್ಕಿದ್ದುದರಿಂದಲೇ.